ಗಾಳಿಗೆ ಜಗ್ಗದ ಸ್ಟೋವ್: ಸೋಟೋ ವಿಂಡ್‌ಮಾಸ್ಟರ್ ಬಳಸಿದ ಅನುಭವ

ಹಿಮಾಚಲದಲ್ಲಿ ಬೆಟ್ಟ ದಾಟುವ ಹಮ್ತಾ ಪಾಸ್ ಟ್ರೆಕ್ ದಾರಿಯಲ್ಲಿ ಬಾಲು ಕಾ ಘೇರಾ ಅಂತ ಒಂದು ಬಯಲು ಬರುತ್ತದೆ. ಸುಮಾರು 3,600 ಮೀಟರ್ ಎತ್ತರ. ಪಕ್ಕದಲ್ಲೇ ಹೊಳೆ, ಸುತ್ತಲೂ ಕಲ್ಲು, ಮರಳು. ನಾವು ಮೊದಲ ಸಲ ಹೋದ ದಿನ ಸಂಜೆ ಶುರುವಾದ ಗಾಳಿ ರಾತ್ರಿಯಾದರೂ ನಿಲ್ಲಲಿಲ್ಲ. ಆಗ ನಮ್ಮ ಹತ್ತಿರ ಇದ್ದದ್ದು ಒಂದು ಅಗ್ಗದ ಗ್ಯಾಸ್ ಸ್ಟೋವ್. ಮುಷ್ಟಿ ಮುಚ್ಚಿದರೆ ಒಳಗೇ ಅಡಗಿಬಿಡುತ್ತಿತ್ತು, ಅಷ್ಟು ಚಿಕ್ಕದು. ತೂಕ ಒಂದನ್ನೇ ನೋಡಿ ಕೊಂಡಿದ್ದೆ. ಮುಕ್ಕಾಲು ಲೀಟರ್ ನೀರಿಟ್ಟು ಕಾಯುತ್ತಾ ಕೂತೆವು. ಉರಿ ಪಾತ್ರೆಯ ಕೆಳಗೆ ನಿಲ್ಲಲೇ ಇಲ್ಲ, ಪಕ್ಕಕ್ಕೆ ಬಾಗಿ ಬಾಗಿ ಹೋಗುತ್ತಿತ್ತು. ತಮ್ಮ ಎರಡು ಸಲ ಬಂದು ಮುಚ್ಚಳ ಎತ್ತಿ ನೋಡಿದ. "ಅಕ್ಕಾ, ಇನ್ನೂ ಕುದೀಲಿಲ್ವಾ?" ಇಪ್ಪತ್ತು ನಿಮಿಷ ಕಳೆದರೂ ಕುದಿಯಲಿಲ್ಲ. ಕೊನೆಗೆ ಉಗುರು ಬೆಚ್ಚಗಿನ ನೀರಿಗೆ ಅವಲಕ್ಕಿ ಹಾಕಿ ತಿಂದು ಮಲಗಿದೆವು. ಬೆಳಿಗ್ಗೆ ಸ್ಟೋವ್ ಕೂರಿಸುವ ಗ್ಯಾಸ್ ಡಬ್ಬಿ ಅಲ್ಲಾಡಿಸಿದರೆ ಅರ್ಧಕ್ಕಿಂತ ಕಡಿಮೆ ಗ್ಯಾಸ್. ಪಾಸ್ ದಾಟುವುದು ಇನ್ನೂ ಬಾಕಿ ಇತ್ತು.

ಆ ರಾತ್ರಿಯ ನಂತರವೇ ನಾನು ಸ್ಟೋವ್ ಬಗ್ಗೆ ಸರಿಯಾಗಿ ಓದಲು ಶುರು ಮಾಡಿದ್ದು. ಅಮೆರಿಕದಿಂದ ಬರುತ್ತಿದ್ದ ಭಾವನಿಗೆ ಹೇಳಿ ಸೋಟೋ ವಿಂಡ್‌ಮಾಸ್ಟರ್ ತರಿಸಿಕೊಂಡೆ. ಸೋಟೋ ಜಪಾನಿನ ಕಂಪನಿ. ನನಗೆ ಬಿದ್ದ ಬೆಲೆ ಸುಮಾರು 5,500 ರೂಪಾಯಿ. ಪಾತ್ರೆ ಕೂರಿಸುವ ನಾಲ್ಕು ಕಾಲಿನ ಸ್ಟ್ಯಾಂಡ್ ಸೇರಿ ತೂಕ 87 ಗ್ರಾಂ. ಹಳೆಯದಕ್ಕಿಂತ 40 ಗ್ರಾಂ ಜಾಸ್ತಿ.

ಈ 40 ಗ್ರಾಂ ಹೊರುವುದು ಸರಿಯೇ ಅಂತ ನೋಡಲು ಮನೆಯ ತಾರಸಿಯ ಮೇಲೆ ಒಂದು ಪರೀಕ್ಷೆ ಮಾಡಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಟೇಬಲ್ ಫ್ಯಾನ್, ಎರಡು ಸ್ಟೋವ್. ಪ್ರತಿ ಸಲ ಅರ್ಧ ಲೀಟರ್ ನೀರು, ಅದೇ ಪಾತ್ರೆ, ಅದೇ ಮುಚ್ಚಳ. ಹಚ್ಚುವ ಮುಂಚೆ ಡಬ್ಬಿ ತೂಗಿದೆ, ಆರಿಸಿದ ಮೇಲೆ ಮತ್ತೆ ತೂಗಿದೆ. ಫ್ಯಾನ್ ಇಲ್ಲದಾಗ ಎರಡೂ ಹೆಚ್ಚುಕಡಿಮೆ 7 ಗ್ರಾಂ ಗ್ಯಾಸ್ ತಿಂದವು. ಫ್ಯಾನ್ ಹಾಕಿದ ಮೇಲೆ ವಿಂಡ್‌ಮಾಸ್ಟರ್ 9 ಗ್ರಾಂನಲ್ಲಿ ನೀರು ಕುದಿಸಿತು. ಹಳೆಯದು 16 ಗ್ರಾಂ ಉರಿದರೂ ತಳದಲ್ಲಿ ಸಣ್ಣ ಗುಳ್ಳೆ ಮಾತ್ರ. ಅಲ್ಲಿಗೆ ನಿಲ್ಲಿಸಿದೆ. ಲೆಕ್ಕ ಹಾಕಿ ನೋಡಿ. ಐದು ದಿನದ ಟ್ರೆಕ್‌ನಲ್ಲಿ ದಿನಕ್ಕೆ ನಾಲ್ಕು ಸಲ ನೀರು ಕುದಿಸಿದರೆ ಇಪ್ಪತ್ತು ಸಲ. ಗಾಳಿ ಇದ್ದಾಗ ಒಂದೊಂದು ಸಲಕ್ಕೂ 7 ಗ್ರಾಂ ಸುಮ್ನೆ ಹಾರಿಹೋದರೆ ಒಟ್ಟು 140 ಗ್ರಾಂ. ಸ್ಟೋವ್‌ನಲ್ಲಿ ಉಳಿಸಿದ 40 ಗ್ರಾಂ ಅಲ್ಲಿಗೆ ಎಲ್ಲಿ ಹೋಯಿತು? ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು, ಸ್ಟೋವ್ ಒಂದನ್ನೇ ತಕ್ಕಡಿಗೆ ಹಾಕಬೇಡಿ, ಅದರ ಜೊತೆ ಹೊರಬೇಕಾದ ಗ್ಯಾಸನ್ನೂ ಹಾಕಿ.

ವ್ಯತ್ಯಾಸ ಇರುವುದು ಬರ್ನರ್ ತಲೆಯಲ್ಲಿ. ವಿಂಡ್‌ಮಾಸ್ಟರ್‌ನ ತಲೆ ಪುಟ್ಟ ತಟ್ಟೆಯ ಹಾಗೆ ನಡುವೆ ತಗ್ಗು, ಸುತ್ತ ಎತ್ತರದ ಅಂಚು. ಉರಿ ಆ ತಗ್ಗಿನೊಳಗಿಂದ ಏಳುತ್ತದೆ. ಪಾತ್ರೆ ಅಂಚಿಗೆ ತೀರಾ ಹತ್ತಿರ ಕೂರುವುದರಿಂದ ನಡುವೆ ಗಾಳಿ ನುಗ್ಗಲು ಜಾಗ ಕಡಿಮೆ. ಹಳೆಯ ಸ್ಟೋವ್‌ನಲ್ಲಿ ಪಾತ್ರೆಗೂ ಬರ್ನರಿಗೂ ನಡುವೆ ಒಂದು ಬೆರಳು ತೂರಿಸುವಷ್ಟು ಸಂದು ಇತ್ತು.

ಇನ್ನೊಂದು ವಿಷಯ ರೆಗ್ಯುಲೇಟರ್. ನಮ್ಮ ಮನೆಯ ಸಿಲಿಂಡರ್ ಮೇಲೆ ಕೂರಿಸುತ್ತೇವಲ್ಲ, ಅದೇ ಕೆಲಸ ಮಾಡುವ ಚಿಕ್ಕದೊಂದು ಇದರೊಳಗೇ ಇದೆ. ಉರಿಯುತ್ತಾ ಉರಿಯುತ್ತಾ ಡಬ್ಬಿ ತಣ್ಣಗಾಗಿ ಒತ್ತಡ ಇಳಿಯುತ್ತದೆ. ರೆಗ್ಯುಲೇಟರ್ ಇಲ್ಲದ ಸ್ಟೋವ್‌ನಲ್ಲಿ ಒತ್ತಡ ಇಳಿದ ಹಾಗೆ ಉರಿಯೂ ಇಳಿಯುತ್ತದೆ. ಇದರಲ್ಲಿ ಡಬ್ಬಿ ಖಾಲಿಯಾಗುವ ಹತ್ತಿರ ಬರುವವರೆಗೂ ಉರಿ ಹೆಚ್ಚುಕಡಿಮೆ ಒಂದೇ ಸಮ. ಹಾಗಂತ ಡಬ್ಬಿಯಲ್ಲೇ ಒತ್ತಡ ಇಲ್ಲದಿದ್ದರೆ ರೆಗ್ಯುಲೇಟರ್ ಏನೂ ಮಾಡಲಾರದು.

ಆದ್ದರಿಂದ ಸ್ಟೋವ್‌ನಷ್ಟೇ ಡಬ್ಬಿಯನ್ನೂ ನೋಡಿ ಕೊಳ್ಳಬೇಕು. ಒಳಗೆ ಇರುವುದು ಬ್ಯೂಟೇನ್, ಐಸೋಬ್ಯೂಟೇನ್, ಪ್ರೊಪೇನ್ ಇವುಗಳ ಮಿಶ್ರಣ. ಸಮುದ್ರಮಟ್ಟದಲ್ಲಿ ಸಾದಾ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿಯಾಗುತ್ತದೆ. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಕೆಲವು ಡಿಗ್ರಿ ಅನುಕೂಲ ಸಿಗುತ್ತದೆ, ಆದರೆ ಉರಿಯುವಾಗ ಡಬ್ಬಿ ತಾನೇ ತಣ್ಣಗಾಗಿ ಅದನ್ನು ತಿಂದುಹಾಕುತ್ತದೆ. ಪ್ರೊಪೇನ್ ಮೊದಲು ಮುಗಿಯುವುದರಿಂದ ತಳದಲ್ಲಿ ಉಳಿದ ಗ್ಯಾಸ್ ಯಾವಾಗಲೂ ಸೋಮಾರಿ. ಡಬ್ಬಿಯ ಮೇಲೆ ಐಸೋಬ್ಯೂಟೇನ್, ಪ್ರೊಪೇನ್ ಅಂತ ಬರೆದಿದೆಯಾ ನೋಡಿ. ತಿರುಪು ಹಾಕುವ ಬಾಯಿಯದ್ದೇ ಇರಬೇಕು. ಪಿಕ್ನಿಕ್ ಒಲೆಗೆ ಹಾಕುವ ಉದ್ದನೆಯ ಡಬ್ಬಿ ಇದಕ್ಕೆ ನೇರವಾಗಿ ಕೂರುವುದಿಲ್ಲ.

ಡಬ್ಬಿಯನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ರೈಲಿನಲ್ಲೂ ಇಲ್ಲ. ನಾವು ಮನಾಲಿಗೆ ಹೋದ ಮೇಲೆ ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯಲ್ಲಿ 230 ಗ್ರಾಂನದ್ದು ಕೊಳ್ಳುತ್ತೇವೆ. ಅಂಗಡಿಯಲ್ಲೇ ಸ್ಟೋವ್ ಹೊರತೆಗೆದು ತಿರುಪು ಕೂರುತ್ತದಾ ನೋಡಿಕೊಂಡು ದುಡ್ಡು ಕೊಡುತ್ತೇನೆ.

ಎರಡನೇ ಸಲ ಹಮ್ತಾಗೆ ಹೋದಾಗ ಅದೇ ಬಾಲು ಕಾ ಘೇರಾ, ಅದೇ ಗಾಳಿ. ವಿಂಡ್‌ಮಾಸ್ಟರ್ ಹಚ್ಚಿದ್ದು ಬೆಳಗಿನ ಐದು ಗಂಟೆಗೆ. ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗ್‌ನೊಳಗೆ ಕಾಲಿನ ಹತ್ತಿರ ಇಟ್ಟುಕೊಂಡು ಮಲಗಿದ್ದೆ. ಹಚ್ಚಿ ಎರಡು ನಿಮಿಷಕ್ಕೆ ಡಬ್ಬಿಯ ಹೊರಮೈ ಬೆವರಿತು, ಆಮೇಲೆ ಕೆಳಗಿನಿಂದ ಬಿಳಿ ಹಿಮ ಕಟ್ಟಿತು. ಬೆರಳಿಂದ ಗೀರಿದರೆ ಗೆರೆ ಬೀಳುತ್ತಿತ್ತು. ಮೇಲೆ ಉರಿ ಮಾತ್ರ ನೀಲಿಯಾಗಿ, ಸದ್ದು ಬದಲಾಗದೆ ಉರಿಯುತ್ತಲೇ ಇತ್ತು. ತಮ್ಮ ಬೂಟು ಹಾಕಿಕೊಂಡು ಬರುವಷ್ಟರಲ್ಲಿ ನೀರು ಮರಳುತ್ತಿತ್ತು. ಮನೆಯಿಂದ ತಂದ ಕಾಫಿಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಹಾಲಿನ ಪುಡಿ ಹಾಕಿ ಕುಡಿದೆವು. ಆ ಲೋಟದ ಬಿಸಿ ಇನ್ನೂ ನನ್ನ ಅಂಗೈಗೆ ನೆನಪಿದೆ.

ನಮ್ಮವರಿಗೆ ಬರೀ ಬಿಸಿನೀರು ಸಾಲದು, ಒಗ್ಗರಣೆ ಬೇಕು ಅಲ್ವಾ? ಅದಕ್ಕೆ ಸಣ್ಣ ಉರಿ ಸಿಗಬೇಕು. ಪಾಸ್ ಇಳಿದು ಶಿಯಾ ಗೋರು ಅನ್ನುವ ಕ್ಯಾಂಪ್‌ನಲ್ಲಿ ಶಾವಿಗೆ ಉಪ್ಪಿಟ್ಟು ಮಾಡಿದೆ. ಗುಬುಟು ತಿರುಗಿಸುತ್ತಾ ಹೋದರೆ ಉರಿ ಮಣಿಗಳ ಹಾಗೆ ಸಣ್ಣದಾಗುತ್ತದೆ, ಆರುವುದಿಲ್ಲ. ಸಾಸಿವೆ ಸಿಡಿಯಿತು, ಕಡಲೆಬೇಳೆ ಕೆಂಪಾಯಿತು, ಯಾವುದೂ ಸೀಯಲಿಲ್ಲ. ತೆಳು ಟೈಟಾನಿಯಂ ಪಾತ್ರೆಗಿಂತ ಅಲ್ಯೂಮಿನಿಯಂ ಪಾತ್ರೆ ಇದಕ್ಕೆ ಒಳ್ಳೆಯದು, ಬಿಸಿ ಸಮವಾಗಿ ಹರಡುತ್ತದೆ. ತೊಗರಿಬೇಳೆ ಬೇಯಿಸುವ ಆಸೆ ಮಾತ್ರ ಬಿಡಿ. ಅಷ್ಟು ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಬೇಳೆ ಕಲ್ಲಿನ ಹಾಗೇ ಉಳಿಯುತ್ತದೆ, ಗ್ಯಾಸ್ ಖಾಲಿ. ಶಾವಿಗೆ, ರವೆ, ಅವಲಕ್ಕಿ ಸಾಕು.

ಕೊಳ್ಳುವ ಮುಂಚೆ ತಿಳಿದಿರಬೇಕಾದ ಎರಡು ಮಾತು. ಇದರ ನಾಲ್ಕು ಕಾಲಿನ ಸ್ಟ್ಯಾಂಡ್ ಬಿಚ್ಚಿ ಬೇರೆ ಇಡುವಂಥದ್ದು. ಅದನ್ನು ಮನೆಯಲ್ಲಿ ಬಿಟ್ಟು ಹೋದರೆ ಸ್ಟೋವ್ ಇದ್ದೂ ಇಲ್ಲದ ಹಾಗೆ. ನಾನು ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಪಾತ್ರೆಯೊಳಗೆ ಇಡುತ್ತೇನೆ. ಬಟನ್ ಒತ್ತಿ ಹಚ್ಚುವ ಕಿಡಿ ಇದೆ, ಆದರೆ ಯಾವ ಕಂಪನಿಯದ್ದೇ ಆಗಲಿ ಎತ್ತರದಲ್ಲಿ ಕಿಡಿಯನ್ನು ಪೂರ್ತಿ ನಂಬಬಾರದು. ಬೆಂಕಿಪೊಟ್ಟಣ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಳ್ಳಿ.

ಸ್ಟ್ಯಾಂಡ್ ಬೇರೆ ಇರುವುದು ಬೇಡ ಅನ್ನುವವರಿಗೆ ಎಂಎಸ್‌ಆರ್ ಪಾಕೆಟ್‌ರಾಕೆಟ್ ಡಿಲಕ್ಸ್ ಇದೆ. 83 ಗ್ರಾಂ, ರೆಗ್ಯುಲೇಟರ್ ಇದೆ, ಕಾಲುಗಳು ಅದಕ್ಕೇ ಮಡಚಿಕೊಳ್ಳುತ್ತವೆ. ಬರೀ ನೀರು ಕುದಿಸಿ ನೂಡಲ್ಸ್, ಕಾಫಿ ಮಾಡಿಕೊಳ್ಳುವವರಿಗೆ ಜೆಟ್‌ಬಾಯಿಲ್ ಫ್ಲ್ಯಾಶ್ ಸರಿ. ಪಾತ್ರೆ ಸೇರಿ 371 ಗ್ರಾಂ, ಬಲು ಬೇಗ ಕುದಿಸುತ್ತದೆ. ಆ ಎತ್ತರದ ಕಿರಿದಾದ ಪಾತ್ರೆಯಲ್ಲಿ ಒಗ್ಗರಣೆ ಹಾಕುವುದು ಕಷ್ಟ, ಅದಕ್ಕೇ ನಾನು ಬೇಡ ಅಂದೆ.

ಸುರಕ್ಷತೆಯ ವಿಷಯದಲ್ಲಿ ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಗಾಳಿ ತಡೆಯಲು ತಗಡನ್ನು ಸ್ಟೋವ್ ಸುತ್ತ ಪೂರ್ತಿ ಸುತ್ತಬೇಡಿ. ಬಿಸಿ ಡಬ್ಬಿಗೆ ತಿರುಗಿ ಬಡಿದು ಡಬ್ಬಿ ಸಿಡಿಯಬಹುದು. ಗಾಳಿ ಬರುವ ಕಡೆ ಮಾತ್ರ ಕಲ್ಲು ಜೋಡಿಸಿ, ಆಗಾಗ ಡಬ್ಬಿ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಆರಿಸಿ. ಮುಚ್ಚಿದ ಟೆಂಟ್ ಒಳಗೆ ಯಾವ ಕಾರಣಕ್ಕೂ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮತ್ತೆ, ನಮ್ಮ ಪಶ್ಚಿಮ ಘಟ್ಟದ ಕಾಡಿಗೆ ನಾನು ಸ್ಟೋವ್ ಒಯ್ಯುವುದಿಲ್ಲ. ಅಲ್ಲಿ ಬೆಂಕಿ ಹಚ್ಚುವಂತಿಲ್ಲ. ಕುಮಾರ ಪರ್ವತಕ್ಕೆ ಹೋಗುವಾಗ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇನೆ.

ಹಮ್ತಾ ಆದ ಮೇಲೆ ಭೃಗು ಸರೋವರಕ್ಕೂ ಇದೇ ಸ್ಟೋವ್ ಬಂತು. ಇಬ್ಬರಿಗೆ, ಮೂವರಿಗೆ ಇದಕ್ಕಿಂತ ಒಳ್ಳೆಯದು ನಾನು ಬಳಸಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಐದು ಜನ ಹೊರಟಿದ್ದೇವೆ. ಎರಡೂವರೆ ಲೀಟರ್ ಪಾತ್ರೆಯನ್ನು ಡಬ್ಬಿಯ ತಲೆಯ ಮೇಲೆ ಇಡಲು ನನಗೆ ಧೈರ್ಯ ಇಲ್ಲ, ಉರುಳಿದರೆ ಊಟವೂ ಹೋಯಿತು, ಕಾಲೂ ಸುಟ್ಟಿತು. ಡಬ್ಬಿ ಪಕ್ಕಕ್ಕೆ ಇದ್ದು, ಕೊಳವೆ ಮೂಲಕ ಗ್ಯಾಸ್ ಬರುವ ಕೋವಿಯಾ ಸ್ಪೈಡರ್ ನೋಡುತ್ತಿದ್ದೇನೆ. 168 ಗ್ರಾಂ. ನೆಲಕ್ಕೆ ಹತ್ತಿರ ಕೂರುತ್ತದೆ, ಚಳಿಯಲ್ಲಿ ಡಬ್ಬಿಯನ್ನು ತಲೆಕೆಳಗು ಮಾಡಿಯೂ ಉರಿಸಬಹುದು. ಅದು ಬಂದ ದಿನವೇ ತಕ್ಕಡಿ, ಫ್ಯಾನ್ ಎರಡೂ ತಾರಸಿಗೆ ಹೋಗುತ್ತವೆ.