ಗುಂಡಿ ಬಲಕ್ಕಾ, ಎಡಕ್ಕಾ?

ಮೈಸೂರಿನ ಸರಸ್ವತಿಪುರಂ ಕಡೆ ಇರುವ ಸಣ್ಣ ಜೆಂಟ್ಸ್ ಟೈಲರ್ ಅಂಗಡಿ ಇದು. ನಾನು ಹೆಂಗಸು, ವಯಸ್ಸು 38, ಶರ್ಟು ಬಿಟ್ಟು ಬೇರೆ ಹಾಕುವುದಿಲ್ಲ. ರೆಡಿಮೇಡ್ ಗಂಡಸರ ಶರ್ಟು ನನಗೆ ಭುಜದಲ್ಲಿ ಜೋಲುತ್ತದೆ, ಸೊಂಟದ ಹತ್ತಿರ ಬಿಗಿ. ಹೆಂಗಸರ ಶರ್ಟಿನಲ್ಲಿ ಜೇಬೇ ಇರುವುದಿಲ್ಲ. ಇದ್ದರೂ ಸುಮ್ನೆ ತೋರಿಕೆಗೆ ಒಂದು ಹೊಲಿಗೆ, ಅಷ್ಟೇ.

ಹಿಂದೆ ಇನ್ನೊಂದು ಕಡೆ "ಲೇಡೀಸ್‌ಗೆ ಹೊಲಿಯಲ್ಲ, ಮನೆಯವರನ್ನ ಕಳ್ಸಿ" ಅಂದಿದ್ದರು. ತಾನು ಗಂಡೋ ಹೆಣ್ಣೋ ಮತ್ತೊಂದೋ ಅಂತ ಹೇಳಿಕೊಳ್ಳುವ ಹಕ್ಕು ಅವರವರದೇ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ನಾನು ಕೇಳಿದ್ದು ಬರೀ ಒಂದು ಶರ್ಟು!

ಇಲ್ಲಿಯ ಯಜಮಾನರು ಕೇಳಿದ್ದು ಎರಡೇ ಮಾತು. "ಗುಂಡಿ ಯಾವ ಕಡೆ ಬರ್ಲಿ ಮೇಡಂ? ಜೇಬು ಒಂದಾ, ಎರಡಾ?" ಗಂಡಸರ ಶರ್ಟಿಗೆ ಗುಂಡಿ ಬಲಕ್ಕೆ, ಹೆಂಗಸರದಕ್ಕೆ ಎಡಕ್ಕೆ ಅಂತ ನಾನು ಅಲ್ಲಿಯವರೆಗೂ ಗಮನಿಸಿರಲೇ ಇಲ್ಲ. ಬಲಕ್ಕೇ ಇರಲಿ ಅಂದೆ. ಅವರ ಹೆಂಡತಿ ಒಳಗಿಂದ ಬಂದು ಅಳತೆ ತೆಗೆದುಕೊಂಡರು. ಎದೆಯ ಹತ್ತಿರ ಶರ್ಟು ಬಾಯಿ ಬಿಡಬಾರದು ಅಂತ ಎರಡು ಗುಂಡಿಗಳ ನಡುವೆ, ಒಳಗಡೆ, ಒಂದು ಪ್ರೆಸ್ ಬಟನ್ ಇಟ್ಟಿದ್ದಾರೆ. ನಾನು ಹೇಳಿರಲಿಲ್ಲ. ಅದೊಂದಕ್ಕೇ ಮನಸೋತೆ.

ಬಟ್ಟೆ ನಮ್ಮದು, ಕೂಲಿ 450 ರೂಪಾಯಿ. ವಾರದಲ್ಲಿ ಕೊಡ್ತೀನಿ ಅಂದವರು 12 ದಿನ ಮಾಡಿದರು, ಫೋನ್ ಎತ್ತುವ ಅಭ್ಯಾಸವಂತೂ ಇಲ್ಲ. ಕಾಲರ್ ಸ್ವಲ್ಪ ಜಾಸ್ತಿ ಗಟ್ಟಿ. ಐದಕ್ಕೆ ನಾಲ್ಕು ಸ್ಟಾರ್.

"ತಮ್ಮನ ಮದುವೆಗೂ ಇದನ್ನೇ ಹಾಕ್ಕೊಂಡು ಬರ್ತೀಯೇನೇ?" ಅಂತ ಅಮ್ಮ ಕೇಳಿದರು. ಇದಲ್ಲಮ್ಮ, ಅದಕ್ಕೆ ಬೇರೆ ಕೊಟ್ಟು ಬಂದಿದ್ದೇನೆ. ಕ್ರೀಮ್ ಬಣ್ಣದ ರೇಷ್ಮೆ, ಜೇಬು ಎರಡು.