ವಿಯೆಟ್ನಾಂ ಟ್ರಿಪ್ಪಲ್ಲಿ ನಾಲ್ಕು ಜನರ ಖರ್ಚಿನ ಲೆಕ್ಕ: ಸ್ಪ್ಲಿಟ್‌ವೈಸ್ ಎಲ್ಲಿ ಕೈ ಹಿಡೀತು, ಎಲ್ಲಿ ಸಾಲ್ಲಿಲ್ಲ

2024ರ ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ 14 ದಿನ ವಿಯೆಟ್ನಾಂ ಸುತ್ತಾಡ್ಕೊಂಡು ಬಂದ್ವಿ. ಹನೋಯ್ ಇಂದ ಶುರು ಮಾಡಿ ನಿನ್ ಬಿನ್, ಅಲ್ಲಿಂದ ರಾತ್ರಿ ರೈಲಲ್ಲಿ ಡಾ ನಾಂಗ್, ಹೋಯ್ ಆನ್, ಕೊನೆಗೆ ಹೋ ಚಿ ಮಿನ್ ಸಿಟಿ. ಬೆನ್ನಿಗೊಂದು ಬ್ಯಾಗು, ಮಲಗೋಕೆ ಹಾಸ್ಟೆಲ್ ಡಾರ್ಮು. ನಾನು, ನನ್ ಹಳೇ ರೂಮ್‌ಮೇಟು, ಅವನ ದಾವಣಗೆರೆ ಫ್ರೆಂಡು, ಆಮೇಲೆ ನಮ್ ಚಿಕ್ಕಮ್ಮನ ಮಗಳು, ಅವ್ಳಿಗೆ ಆಗ ಮೊದಲ ಕೆಲಸ ಸಿಕ್ಕಿ ಐದು ತಿಂಗಳಾಗಿತ್ತು ಅಷ್ಟೇ. ಲೆಕ್ಕಕ್ಕೆ ಸ್ಪ್ಲಿಟ್‌ವೈಸ್ ಆಪ್ ಹಾಕ್ಕೊಂಡಿದ್ವಿ, ಫ್ರೀ ವರ್ಷನ್ನು. ಫ್ರೆಂಡ್ಸ್ ಜೊತೆ ಫಾರಿನ್ ಹೋಗೋರು ತುಂಬಾ ಜನ ಇದನ್ನೇ ಕೇಳ್ತಾರೆ, ಅದಕ್ಕೆ ಸ್ವಲ್ಪ ವಿವರವಾಗೇ ಬರೀತಿದೀನಿ.

ಮೊದ್ಲೇ ಒಂದ್ ವಿಷಯ ಹೇಳ್ಬಿಡ್ತೀನಿ. ಯಾರು ಯಾರಿಗೆ ಎಷ್ಟು ಕೊಡ್ಬೇಕು ಅನ್ನೋದು ಒಂದು ಲೆಕ್ಕ, ನನ್ ಜೇಬಲ್ಲಿ ಇನ್ನೆಷ್ಟು ಉಳಿದಿದೆ ಅನ್ನೋದು ಬೇರೇನೇ ಲೆಕ್ಕ. ಸ್ಪ್ಲಿಟ್‌ವೈಸ್ ಇರೋದು ಮೊದಲನೇದಕ್ಕೆ. ಅದನ್ನ ತುಂಬಾ ಚೆನ್ನಾಗಿ ಮಾಡತ್ತೆ. ಎರಡನೇದನ್ನೂ ಅದೇ ನೋಡ್ಕೊಳತ್ತೆ ಅಂತ ನಾವು ಅಂದ್ಕೊಂಡಿದ್ವಿ, ಅಲ್ಲೇ ಎಡವಿದ್ದು.

ಚೆನ್ನಾಗಿರೋದು ಮೊದ್ಲು. ಹನೋಯಲ್ಲಿ ಎರಡನೇ ರಾತ್ರಿ ಊಟದ ಬಿಲ್ಲು 4 ಲಕ್ಷ 60 ಸಾವಿರ ಡಾಂಗ್ ಬಂತು (ಗಾಬರಿ ಆಗ್ಬೇಡಿ, ನಾವಿದ್ದಾಗ ಒಂದು ರೂಪಾಯಿಗೆ ಹತ್ತತ್ರ 300 ಡಾಂಗ್ ಇತ್ತು, ಅಂದ್ರೆ ಸುಮಾರು 1,530 ರೂಪಾಯಿ). ಅದ್ರಲ್ಲಿ 1 ಲಕ್ಷ 20 ಸಾವಿರ ಬಿಯರ್‌ದು, ನಾವು ಮೂರೂ ಗಂಡಸ್ರು ಕುಡಿದಿದ್ದು, ತಂಗಿ ಮುಟ್ಟಿಲ್ಲ. ನಾಲ್ಕರಿಂದ ಭಾಗಿಸಿದ್ರೆ ತಲೆಗೆ 1,15,000, ಅಂದ್ರೆ ನಮ್ ಬಿಯರಿಗೆ ಅವಳೂ ಕೊಟ್ಟಂಗಾಗತ್ತೆ. ಆಪಲ್ಲಿ ಸಮಪಾಲು ಬಿಟ್ರೆ ಬೇರೆ ಥರಾನೂ ಹಂಚ್ಬೋದು, ಖಚಿತ ಮೊತ್ತ, ಪರ್ಸೆಂಟು, ಷೇರು, ಅದ್ರ ಜೊತೆ ಅಡ್ಜಸ್ಟ್‌ಮೆಂಟ್ ಅಂತ ಒಂದಿದೆ. ನಮಗೆ ಬಂಗಾರದಂಗೆ ಒದಗಿದ್ದು ಈ ಅಡ್ಜಸ್ಟ್‌ಮೆಂಟು. ಮೂರು ಜನರ ಹೆಸರಿನ ಮುಂದೆ 40,000 ಜಾಸ್ತಿ ಅಂತ ಹಾಕಿದ್ವಿ, ಮಿಕ್ಕಿದ 3,40,000 ಅನ್ನ ಅದೇ ನಾಲ್ಕು ಪಾಲು ಮಾಡ್ತು. ನಮಗೆ 1,25,000, ತಂಗಿಗೆ 85,000. ಅರ್ಧ ನಿಮಿಷದ ಕೆಲಸ. ಸಸ್ಯಾಹಾರಿಗಳು, ಕುಡೀದೇ ಇರೋರು ಗ್ರೂಪಲ್ಲಿದ್ರೆ ಇದನ್ನ ಮೊದಲ ದಿನಾನೇ ಕಲ್ತ್ಕೊಳಿ, ಯಾಕಂದ್ರೆ ಅವರಾಗೇ ಬಾಯಿಬಿಟ್ಟು ಕೇಳಲ್ಲ. ನಮ್ ಕಡೆ ದುಡ್ಡಿನ ಮಾತು ಎತ್ತೋಕೇ ಸಂಕೋಚ, ಅದೂ ಅಣ್ಣಂದಿರ ಹತ್ರ.

ಯಾರಾದ್ರೂ ಒಂದು ಜಾಗಕ್ಕೆ ಬರ್ಲಿಲ್ಲ ಅಂದ್ರೆ ಅವರ ಹೆಸರಿನ ಟಿಕ್ ತೆಗೆದ್ರಾಯ್ತು. ನಿನ್ ಬಿನ್‌ನಲ್ಲಿ ಮುವಾ ಗುಹೆ ಹತ್ರ ಹೆಚ್ಚುಕಮ್ಮಿ 500 ಮೆಟ್ಲು ಹತ್ಬೇಕು, ದಾವಣಗೆರೆ ಫ್ರೆಂಡಿಗೆ ಮಂಡಿ ನೋವು, ಹಾಸ್ಟೆಲ್ಲಲ್ಲೇ ಉಳ್ಕೊಂಡ, ಟಿಕೆಟ್ ಮೂರೇ ಜನರ ಲೆಕ್ಕಕ್ಕೆ ಹೋಯ್ತು. ಅದೇ ಚಾಂಗ್ ಆನ್ ದೋಣಿಗೆ ನಾಲ್ಕೂ ಜನ ಹೋದ್ವಿ, ತಲೆಗೆ 2,50,000. ಅದಕ್ಕೆ ಕೊಟ್ಟ ಒಂದೊಂದು ಡಾಂಗಿಗೂ ಮೋಸ ಇಲ್ಲ, ಕತ್ಲೆ ಗುಹೆಗಳ ಒಳಗೆ ತಲೆ ಬಗ್ಗಿಸ್ಕೊಂಡು ಹೋಗೋದು, ಹುಟ್ಟು ಹಾಕೋ ಹೆಂಗಸು ಒಂದ್ ಕ್ಷಣಾನೂ ನಿಲ್ಲಿಸ್ದೆ ಹಾಕ್ತಾನೇ ಇರ್ತಾರೆ. ಟಿಪ್ಸ್‌ಗೆ ಅಂತ ಬೇರೆ ಇಟ್ಕೊಂಡು ಹೋಗಿ ದಯವಿಟ್ಟು.

ನೆಟ್ ಇಲ್ದಿದ್ರೂ ಎಂಟ್ರಿ ಹಾಕ್ಬೋದು, ಆಮೇಲೆ ಸಿಂಕ್ ಆಗತ್ತೆ. ಸಿಂಪ್ಲಿಫೈ ಡೆಟ್ಸ್ ಅಂತ ಒಂದು ಆಯ್ಕೆ ಇದೆ, ಅದನ್ನೂ ಆನ್ ಮಾಡ್ಕೊಳಿ. ನಾನು ರೂಮ್‌ಮೇಟಿಗೆ ಕೊಡ್ಬೇಕು, ರೂಮ್‌ಮೇಟ್ ಅವನ ಫ್ರೆಂಡಿಗೆ ಕೊಡ್ಬೇಕು ಅಂತಿದ್ರೆ, ನಾನು ನೇರ ಆ ಫ್ರೆಂಡಿಗೇ ಕೊಟ್ರೆ ಮುಗೀತು ಅಂತ ಅದೇ ಜೋಡಿಸಿ ತೋರಿಸತ್ತೆ. ಯಾರ ಮೊತ್ತಾನೂ ಬದಲಾಗಲ್ಲ, ದುಡ್ಡು ಕಳಿಸೋ ಸುತ್ತು ಕಮ್ಮಿ ಆಗತ್ತೆ.

ಈಗ ಡಾಂಗ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ತಪ್ಪಾಗೋದು ಆಪಲ್ಲಲ್ಲ, ಸೊನ್ನೆಗಳಲ್ಲಿ. ಮೆನು ಕಾರ್ಡಲ್ಲಿ 45 ಅಂತ ಇರತ್ತೆ, ಅದು 45,000. ಅವರು ಸಾವಿರಕ್ಕೆ ಕೆ ಅಂತಾರೆ, ಹತ್ತು ಲಕ್ಷಕ್ಕೆ ಮಿಲಿಯನ್ ಅಂತಾರೆ, ನಮ್ ತಲೆ ಲಕ್ಷದಲ್ಲಿ ಓಡತ್ತೆ, ರಾತ್ರಿ ಹತ್ತು ಗಂಟೆಗೆ ಸುಸ್ತಾಗಿ ಟೈಪ್ ಮಾಡ್ವಾಗ ಒಂದು ಸೊನ್ನೆ ಹೆಚ್ಚು ಕಮ್ಮಿ ಆಗೇ ಆಗತ್ತೆ. ನಾವು ಮಾಡ್ಕೊಂಡ ಸುಲಭದ ಲೆಕ್ಕ ಇದು: ಮೂರು ಸೊನ್ನೆ ತೆಗೀರಿ, ಹತ್ತರಿಂದ ಗುಣಿಸಿ ಮೂರರಿಂದ ಭಾಗಿಸಿ. 45 ಅಂದ್ರೆ 450, ಮೂರರಿಂದ ಭಾಗಿಸಿದ್ರೆ 150 ರೂಪಾಯಿ. ಆಪಿಗೆ ಮಾತ್ರ ಡಾಂಗಲ್ಲೇ ಹಾಕಿ, ರೂಪಾಯಿ ಮಾಡಿ ಹಾಕೋಕೆ ಹೋದ್ರೆ ಒಬ್ಬೊಬ್ರು ಒಂದೊಂದು ರೇಟ್ ಹಿಡಿದು ಹಾಕ್ತಾರೆ, ಆಮೇಲೆ ಬಿಡಿಸೋಕಾಗಲ್ಲ.

ನೋಟುಗಳದ್ದೂ ಒಂದು ಕಥೆ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದು 67 ರೂಪಾಯಿ, ಇನ್ನೊಂದು 1,667 ರೂಪಾಯಿ. ಹನೋಯ್ ಹಳೇ ಪೇಟೆಯಲ್ಲಿ ರಾತ್ರಿ ಫುಟ್‌ಪಾತ್ ಮೇಲೆ ಚಿಕ್ಕ ಪ್ಲಾಸ್ಟಿಕ್ ಸ್ಟೂಲಲ್ಲಿ ಕೂತು ನಾಲ್ಕು ಲೋಟ ಐಸ್ ಟೀ ಕುಡಿದ್ವಿ, ಲೋಟಕ್ಕೆ 5,000. ತಂಗಿ ಬೀದಿ ದೀಪದ ಮಬ್ಬಲ್ಲಿ ಪರ್ಸಿಂದ ಒಂದು ನೀಲಿ ನೋಟು ತೆಗೆದು ಕೊಟ್ಟು ಎದ್ದು ಹೊರಟೇಬಿಟ್ಲು. ಆ ಅಜ್ಜಿ ಹಿಂದಿಂದ ಬಂದು ಅವಳ ಮೊಣಕೈ ಹಿಡಿದು ನಿಲ್ಲಿಸಿದ್ರು. ನೋಟನ್ನ ಬೆಳಕಿಗೆ ಹಿಡಿದು, ಉಗುರಲ್ಲಿ ಒಂದೊಂದೇ ಸೊನ್ನೆ ತೋರಿಸ್ತಾ ಹೋದ್ರು, ಐದು ಸೊನ್ನೆ. ಆಮೇಲೆ ಅವ್ರೇ ಪರ್ಸೊಳಗೆ ಬೆರಳು ಹಾಕಿ ಸರಿಯಾದ 20,000ದ ನೋಟು ಎತ್ಕೊಂಡು ದೊಡ್ಡ ನೋಟನ್ನ ಮಡಚಿ ವಾಪಸ್ ಇಟ್ರು. ಭಾಷೆ ಒಂದಕ್ಷರ ಬರ್ದೇ ಇದ್ರೂ ತಂಗಿ ಅವರ ಎರಡೂ ಕೈ ಹಿಡ್ಕೊಂಡು ನಿಂತಿದ್ಲು. ಆವತ್ತಿಂದ 5 ಲಕ್ಷದ ನೋಟುಗಳಿಗೆ ಬೇರೆ ಜಿಪ್ಪು.

ಈಗ ಎಡವಿದ ಜಾಗ. ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗಲ್ಲೇ ಮಲಗೋ ಕ್ರೂಸ್ ತಲೆಗೆ 28 ಲಕ್ಷ ಡಾಂಗ್ ಹೇಳಿದ್ರು, 9,300 ರೂಪಾಯಿ ಹತ್ರ. ನಾವು ಮೂರು ಜನ ಹೂಂ ಅಂದ್ವಿ, ತಂಗೀನೂ ಹೂಂ ಅಂದ್ಲು. ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂದ್ಲು, ಬಾಳೆಹಣ್ಣು ತಿಂತಿದ್ಲು. ರಾತ್ರಿ ಒಬ್ಳೇ ಇದ್ದಾಗ ಕೇಳಿದೆ. "ಅಣ್ಣಾ, ಆಪಲ್ಲಿ ನಂಗೆ ಬರ್ಬೇಕು ಅಂತಾನೇ ತೋರಿಸ್ತಿದೆ, ಆದ್ರೆ ನನ್ ಹತ್ರ ಇರೋದೇ ಇಷ್ಟು" ಅಂದ್ಲು. ಅವ್ಳು ನಾಲ್ಕೂ ಜನರ ಹಾಸ್ಟೆಲ್ ದುಡ್ಡು ಮುಂಗಡ ಕಟ್ಟಿದ್ಲು, ಹಂಗಾಗಿ ಆಪಲ್ಲಿ ಅವಳ ಹೆಸರಿನ ಮುಂದೆ ಹಸಿರು ಬಣ್ಣ, ಕೈಯಲ್ಲಿ ಕಾಸಿಲ್ಲ. ನನಗೆ ನಿಜವಾಗ್ಲೂ ಹೊಟ್ಟೆ ಕಿವುಚಿದಂಗಾಯ್ತು. ಲೆಕ್ಕ ಪಕ್ಕಾ ಇದೆ ಅಂತ ನಾವು ನೆಮ್ಮದಿಯಾಗಿದ್ವಿ, ಪಕ್ಕದಲ್ಲಿ ಕೂತೋಳು ಊಟ ಬಿಟ್ಟಿದ್ಲು. ಆಪಲ್ಲಿ ಒಟ್ಟು ಎಷ್ಟು ಖರ್ಚಾಯ್ತು, ನನ್ ಪಾಲೆಷ್ಟು ಅಂತ ತೋರಿಸೋ ಜಾಗ ಇದೆ, ಆದ್ರೆ ಗ್ರೂಪಿಗೆ ಸೇರದ ಸ್ವಂತ ಖರ್ಚು ಅದ್ರಲ್ಲಿ ಬರಲ್ಲ, ಕೈಯಲ್ಲಿ ಎಷ್ಟು ಉಳಿದಿದೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು.

ಅವತ್ತು ರಾತ್ರೀನೇ ನಾಲ್ಕು ಜನ ಕೂತು ಹೊಸ್ದಾಗಿ ಮಾಡಿದ್ವಿ. ಮೊದ್ಲು ಹಾಸ್ಟೆಲ್ ದುಡ್ಡು ಅವಳಿಗೆ ಅಲ್ಲೇ ಕ್ಯಾಶ್ ಕೊಟ್ಟು ಆಪಲ್ಲಿ ಸೆಟಲ್ ಅಂತ ಹಾಕಿದ್ವಿ, ಕ್ರೂಸ್ ಬಿಟ್ಟು ತಲೆಗೆ 10 ಲಕ್ಷದ ಒಂದು ದಿನದ ಟ್ರಿಪ್ ತಗೊಂಡ್ವಿ. ಆಮೇಲೆ ನಾಲ್ಕು ಜನರಲ್ಲಿ ಯಾರ ಬಜೆಟ್ ಕಮ್ಮೀನೋ ಅದೇ ಎಲ್ಲರ ಬಜೆಟ್ ಅಂತ ತೀರ್ಮಾನ ಆಯ್ತು. ಊರಿಂದ ಹೋಗಿ ಬರೋ ವಿಮಾನ ಬಿಟ್ಟು ತಲೆಗೆ 50,000 ರೂಪಾಯಿ. ವೀಸಾ (ಸಿಂಗಲ್ ಎಂಟ್ರಿ ಇ-ವೀಸಾ 25 ಡಾಲರ್), ಹಾಸ್ಟೆಲ್ಲು, ರೈಲು, ಡಾ ನಾಂಗ್‌ನಿಂದ ದೇಶದೊಳಗಿನ ವಿಮಾನ, ಹಾ ಲಾಂಗ್, ಎಲ್ಲಾ ಸೇರಿ ತಪ್ಪಿಸೋಕಾಗದ ಖರ್ಚೇ 25,000 ಆಯ್ತು. ಉಳಿದ 25,000ನ 14 ದಿನಕ್ಕೆ ಹಂಚಿದ್ರೆ ದಿನಕ್ಕೆ 1,785 ರೂಪಾಯಿ, ಅಂದ್ರೆ ಸುಮಾರು 5 ಲಕ್ಷದ 35 ಸಾವಿರ ಡಾಂಗ್. ಆಗ ದಾವಣಗೆರೆ ಫ್ರೆಂಡು ಹೇಳಿದ, "ಲೇ, ದಿನಕ್ಕೊಂದು ನೀಲಿ ನೋಟು ಅಲ್ವೇನೋ ಇದು." ಅಷ್ಟೇ, ಅದೇ ನಮ್ ಬಜೆಟ್ ಆಪ್ ಆಯ್ತು. ಬೆಳಿಗ್ಗೆ ಎದ್ದು ಬೇರೆ ಜಿಪ್ಪಿಂದ ಒಂದು 5 ಲಕ್ಷದ ನೋಟು ತೆಗೀಬೇಕು, ಆ ದಿನ ಅಷ್ಟ್ರಲ್ಲೇ. ಮಿಕ್ಕಿದ್ದು ನಾಳೆಗೆ ಸೇರತ್ತೆ. ಹೋಯ್ ಆನ್‌ನಲ್ಲಿ ಬಟ್ಟೆ ಹೊಲಿಸ್ಬೇಕು ಅಂತಿದ್ದ ರೂಮ್‌ಮೇಟು ನಿನ್ ಬಿನ್‌ನಲ್ಲೇ ಎರಡು ದಿನ ಕೈ ಬಿಗಿ ಹಿಡಿದ.

ಆ ನೋಟಲ್ಲಿ ತಲೆಗೆ 2 ಲಕ್ಷ ಕಾಮನ್ ಪರ್ಸಿಗೆ. ದಿನಕ್ಕೆ 8 ಲಕ್ಷ, ತಿಂಡಿ, ಮಧ್ಯಾಹ್ನದ ಊಟ, ನೀರು, ಗ್ರ್ಯಾಬ್ ಟ್ಯಾಕ್ಸಿ ಎಲ್ಲಾ ಅದ್ರಲ್ಲೇ. ಎಲ್ಲರೂ ಸಮ ಹಾಕಿರ್ತಾರೆ, ಹಂಗಾಗಿ ಇದನ್ನ ಆಪಿಗೆ ಹಾಕೋದೇ ಬೇಡ. ನಾಲ್ಕೂ ಜನ ಬಳಸಿದ್ದಕ್ಕೆ ಮಾತ್ರ ಪರ್ಸ್, ಒಬ್ರು ಕಮ್ಮಿ ಆದ್ರೂ ಆಪು. ಸ್ಪ್ಲಿಟ್‌ವೈಸ್ ಫ್ರೀ ವರ್ಷನ್ನಲ್ಲಿ ದಿನಕ್ಕೆ ಇಷ್ಟೇ ಎಂಟ್ರಿ ಅಂತ ಮಿತಿ ಇದೆ, ಪರ್ಸ್ ಶುರು ಮಾಡಿದ್ಮೇಲೆ ಆ ಮಿತಿ ನಮಗೆ ಲೆಕ್ಕಕ್ಕೇ ಬರ್ಲಿಲ್ಲ, ದಿನಕ್ಕೆ ಎರಡೋ ಮೂರೋ ಎಂಟ್ರಿ. ಪರ್ಸ್ ಇಟ್ಕೊಂಡೋಳು ತಂಗಿ. ಎಷ್ಟು ಚೌಕಾಸಿ ಮಾಡ್ತಿದ್ಲು ಅಂತೀರಾ.

ಇನ್ನೊಂದು ಮುಖ್ಯ ವಿಷಯ, ಕಾರ್ಡ್ ಖರ್ಚು. ರೂಮ್‌ಮೇಟ್ ಕಾರ್ಡಲ್ಲಿ ಫಾರಿನ್ ಖರ್ಚಿಗೆ 3.5% ಮಾರ್ಕಪ್ಪು (ಬ್ಯಾಂಕ್ ಮೇಲೆ ಹಾಕೋ ಚಾರ್ಜು), ಅದ್ರ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ಎಟಿಎಮ್ಮಲ್ಲಿ 30 ಲಕ್ಷ ಡಾಂಗ್ ತೆಗೆದ್ರೆ ಅಲ್ಲಿನ ಬ್ಯಾಂಕ್ 50,000 ಡಾಂಗ್ ಚಾರ್ಜು ಬೇರೆ ಹಿಡೀತು. ಗೂಗಲ್ ರೇಟಲ್ಲಿ 30 ಲಕ್ಷ ಅಂದ್ರೆ 10,000 ರೂಪಾಯಿ, ಅವನ ಅಕೌಂಟಿಂದ ಹೋಗಿದ್ದು 10,586. ನಾಲ್ಕು ಜನರಿಗೋಸ್ಕರ ನಾಲ್ಕು ಸಲ ತೆಗೆದ, ಗೂಗಲ್ ರೇಟಲ್ಲಿ ಲೆಕ್ಕ ಮುಗಿಸಿದ್ರೆ 2,344 ರೂಪಾಯಿ ಅವನೊಬ್ಬನ ತಲೆ ಮೇಲೆ. ಅದಕ್ಕೆ ಪ್ರತಿ ಸಲ ಬ್ಯಾಂಕ್ ಮೆಸೇಜ್ ನೋಡಿ ಆ ವ್ಯತ್ಯಾಸವನ್ನ ರೂಪಾಯಲ್ಲೇ ಬೇರೆ ಎಂಟ್ರಿ ಮಾಡಿ ನಾಲ್ಕು ಪಾಲು ಹಾಕಿದ್ವಿ. ಯಾರು ಕಾರ್ಡ್ ಉಜ್ಜುತ್ತಾರೋ ಅವ್ರಿಗೆ ಈ ನ್ಯಾಯ ಸಿಗ್ಲೇಬೇಕು. ಎಟಿಎಮ್ಮಲ್ಲಿ ನಿಮ್ ದೇಶದ ಕರೆನ್ಸಿಯಲ್ಲಿ ಮಾಡ್ಲಾ ಅಂತ ಕೇಳಿದ್ರೆ ಬೇಡ ಅಂತ ಒತ್ತಿ, ಆ ರೇಟ್ ಯಾವಾಗ್ಲೂ ನಮಗೇ ನಷ್ಟ. ಹೊರಡೋ ಮುಂಚೆ ಮಾರ್ಕಪ್ ಇಲ್ಲದ ಕಾರ್ಡ್ ಒಂದು ಗುಂಪಲ್ಲಿ ಯಾರಾದ್ರೂ ಮಾಡಿಸ್ಕೊಂಡಿದ್ರೆ ಈ ತಲೆನೋವೇ ಇರಲ್ಲ.

ಕೊನೇ ಲೆಕ್ಕದ ಬಗ್ಗೆ. ಫ್ರೀ ವರ್ಷನ್ನಲ್ಲಿ ಡಾಂಗ್ ಬಾಕಿ ಡಾಂಗಲ್ಲೇ, ರೂಪಾಯಿ ಬಾಕಿ ರೂಪಾಯಲ್ಲೇ ನಿಲ್ಲತ್ತೆ, ಎಲ್ಲಾ ಒಂದೇ ಕರೆನ್ಸಿಗೆ ತಿರುಗಿಸೋದು ದುಡ್ಡು ಕಟ್ಟಿ ತಗೊಳೋ ಪ್ರೋ ವರ್ಷನ್‌ದು. ನಾವು ಕೈಯಲ್ಲೇ ಮಾಡ್ಕೊಂಡ್ವಿ, ರೂಪಾಯಿಗೆ 300 ಅಂತ ಹಿಡಿದು, ಚಾರ್ಜುಗಳು ಮೊದ್ಲೇ ಬೇರೆ ಎಂಟ್ರಿ ಆಗಿದ್ವಲ್ಲ, ಹಂಗಾಗಿ ಯಾರಿಗೂ ಕೊರತೆ ಆಗ್ಲಿಲ್ಲ. ಎರಡು ಮೂರು ದೇಶ ಸುತ್ತೋರು ಒಂದು ತಿಂಗಳಿಗೆ ಪ್ರೋ ತಗೊಳೋದು ಒಳ್ಳೇದು, ಒಂದೇ ದೇಶ ಆದ್ರೆ ಬೇಕಿಲ್ಲ. ದುಡ್ಡು ಯುಪಿಐಲಿ ಕಳಿಸಿ ಆಪಲ್ಲಿ ಸೆಟಲ್ ಅಂತ ಬರ್ಕೊಂಡ್ರಾಯ್ತು ಅಷ್ಟೇ. ಊರಿಗೆ ಬಂದ್ಮೇಲೆ ಮಾಡೋಣ ಅಂತ ಮಾತ್ರ ಬಿಡ್ಬೇಡಿ, ನಾವು ಹೋ ಚಿ ಮಿನ್ ಸಿಟಿ ಏರ್‌ಪೋರ್ಟಲ್ಲಿ ಬೋರ್ಡಿಂಗ್‌ಗೆ ಕಾಯ್ತಾ ಇರೋವಾಗ್ಲೇ ಕೂತು ಮುಗಿಸಿದ್ವಿ.

ಆಪಿಗೆ ಐದಕ್ಕೆ ನಾಲ್ಕು ಕೊಡ್ತೀನಿ, ಮುಂದಿನ ಸಲಾನೂ ಇದೇ, ಜೊತೆಗೆ ದಿನಕ್ಕೊಂದು ನೋಟು, ಕಾಮನ್ ಪರ್ಸು. ವಾಪಸ್ ಹೊರಡೋ ಹಿಂದಿನ ದಿನ ಪರ್ಸಲ್ಲಿ 1 ಲಕ್ಷದ 40 ಸಾವಿರ ಉಳಿದಿತ್ತು, ತಂಗಿ ಮಾರ್ಕೆಟ್ಟಿಗೆ ಹೋಗಿ ಅಲ್ಲಿ ಕಾಫಿಗೆ ಬಳಸ್ತಾರಲ್ಲ ಆ ಅಲ್ಯೂಮಿನಿಯಂ ಫಿಲ್ಟರು, ಅಂಗಡಿಯವ್ನು ಒಂದಕ್ಕೆ 50,000 ಅಂದಿದ್ದನ್ನ 35,000ಕ್ಕೆ ಇಳಿಸಿ, ನಾಲ್ಕು ತಂದ್ಲು. ನಂದ್ರಲ್ಲಿ ಈಗ ದಿನಾ ಬೆಳಿಗ್ಗೆ ಚಿಕ್ಕಮಗಳೂರು ಪುಡಿ.