ಐಸಿಪಿ4 ಅಥವಾ ಐಸಿಪಿ0: ಪ್ರಾಜೆಕ್ಟಿಗೆ ಯಾವುದು?

ಎರಡೂ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಜೀನ್‌ಗಳನ್ನು ಆನ್ ಮಾಡುವ ಪ್ರೋಟೀನ್‌ಗಳೇ. ದಾರಿ ಮಾತ್ರ ಬೇರೆ.

ಐಸಿಪಿ4 ನೇರವಾಗಿ ಡಿಎನ್‌ಎಗೆ ಅಂಟಿಕೊಂಡು ಮುಂದಿನ ಹಂತದ ಜೀನ್‌ಗಳನ್ನು ಎಬ್ಬಿಸುತ್ತದೆ. ತಮಾಷೆ ಅಂದರೆ, ತನ್ನದೇ ಜೀನಿಗೆ ಬ್ರೇಕ್ ಹಾಕುತ್ತದೆ. ಐಸಿಪಿ0 ಹಾಗಲ್ಲ. ಜೀವಕೋಶದ ಕಾವಲು ಪ್ರೋಟೀನ್‌ಗಳಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಚೀಟಿ ಅಂಟಿಸಿ ನಾಶ ಮಾಡಿಸುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ, ನ್ಯೂಕ್ಲಿಯಸ್ಸಿನಲ್ಲಿ ಈ ಕಾವಲು ಪ್ರೋಟೀನ್‌ಗಳು ಗುಂಪುಗೂಡುವ ಪಿಎಂಎಲ್ ಚುಕ್ಕಿಗಳು ಮಾಯ!

ಇನ್ನು, ಪ್ರೋಟೀನಿನ ಕೆಲಸ ತಿಳಿಯಲು ಅದಿಲ್ಲದ ವೈರಸ್ ಬೆಳೆಸುವ ಕಷ್ಟ. ಐಸಿಪಿ4 ಇಲ್ಲದ ವೈರಸ್ಸಿಗೆ ಆ ಪ್ರೋಟೀನ್ ಒದಗಿಸುವ ವಿಶೇಷ ಕೋಶಗಳೇ ಬೇಕು. ಐಸಿಪಿ0 ಇಲ್ಲದ್ದು ಯು2ಒಎಸ್ ಎಂಬ ಮೂಳೆ ಕ್ಯಾನ್ಸರ್ ಕೋಶಗಳಲ್ಲಿ ಸಲೀಸಾಗಿ ಬೆಳೆಯುತ್ತದೆ. ಸಂಯೋಜಕ ಅಂಗಾಂಶದ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳಿಗೆ ವೈರಸ್ ಕಡಿಮೆ ಹಾಕಿದರೆ ಮಾತ್ರ ಕುಂಟುತ್ತದೆ.

ಪ್ರೊಮೋಟರ್ (ಜೀನನ್ನು ಆನ್ ಮಾಡುವ ಡಿಎನ್‌ಎ ಭಾಗ) ಕೆಲಸ ಇಷ್ಟವಿದ್ದು, ಆ ವಿಶೇಷ ಕೋಶಗಳು ಲ್ಯಾಬಿನಲ್ಲಿ ಇದ್ದರೆ ಐಸಿಪಿ4 ಹಿಡಿಯಿರಿ. ಕೋಶ ಮತ್ತು ವೈರಸ್ಸಿನ ಜಗಳ ನೋಡಬೇಕಾ, ಸಮಯ ಕಡಿಮೆಯಾ? ಐಸಿಪಿ0.